ಬಿ ಸೈಡಿನ ಮೂರನೇ ಹಾಡು

ಕುಶಲ್ ಹನ್ನೆರಡು ವರ್ಷಗಳಿಂದ ಒಂದೇ ಹಾಡಿನ ಡ್ರಮ್ಸ್ ಕಲಿಯುತ್ತಿದ್ದ. 1985ರಲ್ಲಿ ಓಕ್ಲ್ಯಾಂಡಿನ ನಾಲ್ವರು ಹುಡುಗರು ‘ಕೋಲ್ಡ್ ಫೌಂಡ್ರಿ’ ಎಂಬ ಹೆವಿ ಮೆಟಲ್ ಆಲ್ಬಮ್ ಮಾಡಿ, ಐನೂರು ಪ್ರತಿ ತೆಗೆಸಿ, ಆಮೇಲೆ ಚದುರಿಹೋಗಿದ್ದರು. ಹಾಸನದಿಂದ ಬಂದ ಕುಶಲನಿಗೆ ಅದರ ಒಂದು ಪ್ರತಿ ಬರ್ಕ್ಲಿಯ ಹಳೇ ರೆಕಾರ್ಡಿನ ಅಂಗಡಿಯಲ್ಲಿ ಸಿಕ್ಕಿತ್ತು. ಅವನು ಕಲಿಯುತ್ತಿದ್ದುದು ರೆಕಾರ್ಡಿನ ಹಿಂಬದಿಯ, ಅಂದರೆ ಬಿ ಸೈಡಿನ, ಮೂರನೇ ಹಾಡು. ಅದರ ನಡುವೆ ಬರುವ ಒಂದು ವರಸೆ ಮಾತ್ರ ಅವನಿಗೆ ಒಲಿದಿರಲಿಲ್ಲ. ಮಿಲ್ಪಿಟಾಸಿನ ಮನೆಯ ಗರಾಜಿನಲ್ಲಿ ಪ್ರತಿ ಶನಿವಾರ ಬಾರಿಸುತ್ತಿದ್ದ, ಅಲ್ಲೇ ಎಡವುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ತೇಜಸ್ವಿನಿ, ದೋಸೆ ಬೇಯುವುದನ್ನು ಕಾಯುತ್ತ, ಅಡುಗೆಕಟ್ಟೆಯ ಮೇಲೆ ಬೆರಳುಗಳಿಂದ ಅದೇ ವರಸೆ ಬಾರಿಸಿದಳು. ಒಂದು ಪೆಟ್ಟೂ ತಪ್ಪಲಿಲ್ಲ.

ಕುಶಲ್ ಕಾಫಿ ಲೋಟ ಕೆಳಗಿಟ್ಟ. “ಇದನ್ನ ಎಲ್ಲಿ ಕಲಿತೆ?”

“ಕ್ಲಿನಿಕ್ಕಿಗೆ ಒಬ್ರು ತಾತ ಬರ್ತಾರೆ, ಭುಜ ನೋವು ಅಂತ. ಎಕ್ಸರ್ಸೈಜ್ ಮಾಡ್ತಾ ಮಾಡ್ತಾ ಹೇಳ್ಕೊಟ್ರು. ಹಿಂದೆ ಯಾವ್ದೋ ಬ್ಯಾಂಡಲ್ಲಿ ಇದ್ರಂತೆ.”

ತೇಜಸ್ವಿನಿ ಫಿಸಿಯೋಥೆರಪಿಸ್ಟು.

“ಹೆಸರೇನು?”

“ಪೇಷೆಂಟ್ ಹೆಸರು ಹೇಳೋ ಹಾಗಿಲ್ಲ, ನಿಂಗೊತ್ತಲ್ಲ.”

ಕುಶಲನಿಗೆ ಹೆಸರು ಗೊತ್ತೇ ಇತ್ತು: ವಾಲ್ಟರ್ ಪ್ರೂಯಿಟ್, ಆ ಆಲ್ಬಮ್ಮಿನ ಡ್ರಮ್ಮರ್. ಅವನಿಗೆ ಬರೆದ ಹನ್ನೊಂದು ಈಮೇಲುಗಳಿಗೆ ಉತ್ತರ ಬಂದಿರಲಿಲ್ಲ. ಮೆಟಲ್ ಎಂದರೆ ಬರೀ ಗಲಾಟೆ ಎನ್ನುವ ತೇಜಸ್ವಿನಿಗೆ ಅದೇ ಮನುಷ್ಯ ಕೂರಿಸಿಕೊಂಡು ಕಲಿಸಿದ್ದ. ಕುಶಲನ ಹೊಟ್ಟೆ ಉರಿಯಿತು. ಮೂರು ದಿನ ಗ್ರೋಸರಿ ವಿಷಯ ಬಿಟ್ಟು ಅವಳ ಜೊತೆ ಬೇರೇನೂ ಮಾತಾಡಲಿಲ್ಲ.

ಗುರುವಾರ ಅವಳು ಬೇಡವೆಂದರೂ ಸಂಜೆ ಕರೆದುಕೊಂಡು ಬರಲು ಕ್ಲಿನಿಕ್ಕಿಗೆ ಹೋದ. ಆ ತಾತ ಸಿಕ್ಕರೂ ಸಿಗಬಹುದೆಂದು ಬ್ಯಾಗಿನಲ್ಲಿ ರೆಕಾರ್ಡು ಇಟ್ಟುಕೊಂಡಿದ್ದ. ಅರ್ಧ ಗಂಟೆ ಕಾದ ಮೇಲೆ, ನರೆತ ಜುಟ್ಟಿನ ಎತ್ತರದ ಮುದುಕನೊಬ್ಬನನ್ನು ತೇಜಸ್ವಿನಿ ಬಾಗಿಲವರೆಗೆ ಬಿಡಲು ಬಂದಳು. ಕುಶಲ್ ಹತ್ತಿರ ಹೋಗಿ ರೆಕಾರ್ಡನ್ನು ಮುಂದೆ ಚಾಚಿದ.

ವಾಲ್ಟರ್ ಕವರನ್ನು ತಿರುಗಿಸಿ ನೋಡಿದ. “ಇದರಲ್ಲಿ ನನ್ನ ಹೆಸರಿನ ಸ್ಪೆಲ್ಲಿಂಗೇ ತಪ್ಪು,” ಎಂದ. “ನೀನೂ ಬಾರಿಸ್ತೀಯಾ?”

ಕುಶಲ್ ಅಲ್ಲೇ ತನ್ನ ಕಾರಿನ ಬಾನೆಟ್ ಮೇಲೆ ಬಾರಿಸಿ ತೋರಿಸಿದ. ವಾಲ್ಟರ್ ಕಣ್ಣು ಮುಚ್ಚಿ ಕೇಳಿದ.

“ಚೆನ್ನಾಗಿದೆ. ಆದರೆ ನೀನು ಎಣಿಸ್ತಾ ಇದ್ದೀಯ. ತೇಜು ಎಣಿಸೋದಿಲ್ಲ.”

ತೇಜು. ಮನೆಯಲ್ಲಿ ಕರೆಯುವ ಹೆಸರನ್ನೂ ಅವಳು ಅವನಿಗೆ ಹೇಳಿದ್ದಳು.

ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತಾಗ ತೇಜಸ್ವಿನಿಯೇ ಕೇಳಿದಳು: “ಏನಾಗಿದೆ ನಿಂಗೆ? ಆ ತಾತನ ಮೇಲೆ ಅನುಮಾನಾನಾ?”

“ಅಲ್ಲ. ನಿನ್ನ ಮೇಲೆ ಹೊಟ್ಟೆಕಿಚ್ಚು. ಹನ್ನೆರಡು ವರ್ಷ ನಂಗೆ ಬರದೇ ಇದ್ದಿದ್ದು ನಿಂಗೆ ಆಟ ಆಡ್ತಾ ಬಂದ್ಬಿಡ್ತು.”

ತೇಜಸ್ವಿನಿ ಅವನ ಕಡೆ ತಿರುಗಿದಳು. “ಮದುವೆಯಾಗಿ ಒಂಬತ್ತು ವರ್ಷ ಆಯ್ತು. ಆ ಡ್ರಮ್ಸ್ ಮುಂದೆ ಒಂದಿನ ಕೂತ್ಕೋ ಅಂದಿದ್ದೀಯಾ? ಹೊಸದರಲ್ಲಿ ನಾನೇ ಕೇಳ್ದೆ. ನೀನು ಮುಟ್ಬೇಡ, ಟ್ಯೂನಿಂಗ್ ಹೋಗುತ್ತೆ ಅಂದೆ. ಆಮೇಲಿಂದಾನೇ ನಾನು ಅದನ್ನ ಗಲಾಟೆ ಅನ್ನೋಕೆ ಶುರು ಮಾಡಿದ್ದು.”

ಕುಶಲನಿಗೆ ಅದು ನೆನಪಿತ್ತು.

ಶನಿವಾರ ಅವಳನ್ನು ಗರಾಜಿಗೆ ಕರೆದು, ಸ್ಟೂಲಿನ ಎತ್ತರ ತಗ್ಗಿಸಿ ಕೂರಿಸಿದ. ಮೊದಮೊದಲು ಅವಳ ಕೈ ತಡವರಿಸಿತು. ಒಂದು ಕೋಲು ಜಾರಿ ಕಾರಿನಡಿಗೆ ಉರುಳಿತು. ಅವನಿಗೆ ಒಳಗೊಳಗೇ ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು. ಹತ್ತನೆಯದೋ ಹನ್ನೊಂದನೆಯದೋ ಸಲ ವರಸೆ ಪೂರ್ತಿ ಬಂತು. ಅವನ ಎದೆಯಲ್ಲಿ ಮತ್ತೆ ಅದೇ ಉರಿ. ಒಳಗೆ ಹೋಗಿಬಿಡೋಣ ಅನ್ನಿಸಿತು, ಹೋಗಲಿಲ್ಲ.

“ಕಾಲು ತಡ ಆಗ್ತಿದೆ,” ಎಂದು ಅವಳ ಪಕ್ಕದಲ್ಲಿ ಮಂಡಿಯೂರಿ, ಅವಳ ಪಾದವನ್ನು ದೊಡ್ಡ ಡ್ರಮ್ಮಿನ ಪೆಡಲಿನ ಮೇಲೆ ಸರಿಯಾಗಿ ಇಟ್ಟ.