ಪಾಲು ಮಾಡಿದ ಗುಳಿಗೆ

ಬಿಟ್ಟುಹೋಗಿದ್ದ ಕೆಮ್ಮು ಸುಂದ್ರವ್ವನಿಗೆ ತಿರುಗಿ ಬಂತು. ಧಾರಾವಿಯ ಚಾಳಿನಲ್ಲಿ ಗೋಡೆಗಳು ತೆಳು. ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮಿದರೂ ಪಕ್ಕದ ಖೋಲಿಗೆ ಕೇಳಿಸುತ್ತದೆ.

ಪಕ್ಕದ ಖೋಲಿಯ ನಜ್ಮಾ ಮುನ್ಸಿಪಾಲ್ಟಿ ದವಾಖಾನೆಯಲ್ಲಿ ಆಯಾ. ಸುಂದ್ರವ್ವನಿಗೆ ಟಿಬಿ ಇದೆಯೆಂದು ಗೊತ್ತಾದಾಗ ಕೈಹಿಡಿದು ಅಲ್ಲಿಗೆ ಕರೆದೊಯ್ದವಳೂ ಅವಳೇ. ಟಿಬಿಗೆ ಆಗ ಒಂದೂವರೆ ವರ್ಷ ಗುಳಿಗೆ ತಿನ್ನಬೇಕಿತ್ತು. ರಜೆಯ ದಿನ ಬೆಳಿಗ್ಗೆ ಬಂದು ಹೊಸ್ತಿಲ ಮೇಲೆ ಕುಳಿತಳು. ಸುಂದ್ರವ್ವನ ಅತ್ತೆ ಇಂದ್ರಾಬಾಯಿ ಕೊತ್ತಂಬರಿ ಸಿವುಡು ಕಟ್ಟುತ್ತಿದ್ದಳು. ಸ್ಟೇಷನ್ನಿನ ಹೊರಗೆ, ಫುಟ್‌ಪಾತಿನ ಮೇಲೆ ಅವಳ ವ್ಯಾಪಾರ. ಮೈದುನನ ಹೆಂಡತಿ ಚಂಪಾ ರೊಟ್ಟಿ ಬಡಿಯುತ್ತಿದ್ದಳು.

"ಸುಂದ್ರಕ್ಕಾ, ಎಂಟು ತಿಂಗಳಾತು ಗುಳಿಗಿ ಒಯ್ಯಾಕ ಹತ್ತಿ. ಖರೇ ಹೇಳು, ತಿಂತಿಯೋ ಇಲ್ಲೋ?" ಎಂದಳು ನಜ್ಮಾ.

"ತಿಂತೇನಿ."

"ತಿಂದಾಕಿ ಹಿಂಗ ಕೆಮ್ಮತಾಳೇನು?"

"ನಿಮ್ಮ ಗುಳಿಗ್ಯಾಗ ದಮ್ ಇಲ್ಲ," ಎಂದಳು ಇಂದ್ರಾಬಾಯಿ. "ಪುಕ್ಕಟ ಕೊಡೂದಂದ್ರ ಸುಣ್ಣದ ಚೂರು."

ಸುಂದ್ರವ್ವ ಚಂಪಾಳ ಕಡೆ ನೋಡಿದಳು. ಈ ಮನೆಯಲ್ಲಿ ಅವಳೂ ಚಂಪಾಳೂ ಹಂಚಿಕೊಳ್ಳದ್ದು ಯಾವುದೂ ಇರಲಿಲ್ಲ. ಇದ್ದ ಒಂದೇ ಇಳಕಲ್ಲ ಸೀರೆಯನ್ನು ಯಾರು ಹೊರಗೆ ಹೊರಟರೋ ಅವರು ಉಡುತ್ತಿದ್ದರು. ಐದು ತಿಂಗಳ ಹಿಂದೆ ಚಂಪಾಗೆ ಕೆಮ್ಮು ಹತ್ತಿದಾಗ ತನ್ನ ಗುಳಿಗೆಯಲ್ಲೇ ಅರ್ಧ ಅವಳ ಅಂಗೈಗೆ ಹಾಕತೊಡಗಿದ್ದಳು. ಮದುವೆಯಾಗಿ ಎರಡು ವರ್ಷವೂ ಆಗದ ಹುಡುಗಿ, ದವಾಖಾನೆಗೆ ಹೋಗಲು ಹೆದರುತ್ತಿದ್ದಳು. ಕೊಡುವುದು ಸುಂದ್ರವ್ವನಿಗೆ ಯಾವಾಗಲೂ ಸುಲಭ. ಹೇಳುವುದೇ ಕಷ್ಟ.

"ಅರ್ಧ ನಾ ತಿಂತೇನಿ," ಎಂದಳು ಕೊನೆಗೆ. "ಅರ್ಧ ಚಂಪಾಗ."

ರೊಟ್ಟಿಯ ಸಪ್ಪಳ ನಿಂತಿತು.

ನಜ್ಮಾ ಬೈಯಲಿಲ್ಲ. "ಡಾಕ್ಟರ್ ಸಾಹೇಬರು ನಮಗ ಹೇಳ್ಯಾರ. ಟಿಬಿ ಹುಳ ಕಣ್ಣಿಗೆ ಕಾಣಂಗಿಲ್ಲ. ಆದ್ರ ಅದರ ಒಳಗೂ ಮಾಡೂ ಕೆಲಸದ ಯಾದಿ ಐತಂತ. ಎಲ್ಲಾ ಕೆಲಸ ಒಮ್ಮೆಗೇ ಮಾಡಂಗಿಲ್ಲ. ಆರಾಮ ಇದ್ದಾಗ ತಿನ್ನೂದು, ಒಂದು ಎರಡಾಗೂದು. ಔಷಧ ಬಂತು, ತ್ರಾಸ ಆತು ಅಂದ್ರ ಆ ಕೆಲಸ ಬಂದ್. ಜೀವಾ ಉಳಿಸ್ಕೊಳ್ಳೂ ಕೆಲಸ ಚಾಲೂ. ಕೆಲವು ಮಲಗೇ ಬಿಡ್ತಾವ. ಮಲಗಿದ್ದಕ್ಕ ಔಷಧ ಲಗೂನ ತಾಗಂಗಿಲ್ಲ."

ಇಂದ್ರಾಬಾಯಿ ನಕ್ಕಳು. "ಹುಳಕ್ಕ ಇಷ್ಟು ಶಾಣೇತನ ಎಲ್ಲಿಂದ ಬಂತು? ಸಾಲಿಗೆ ಹೋಗಿತ್ತೇನು?"

"ನೀ ಹೋಗಿದ್ಯೇನು ಚಾಚಿ? ಮಾಲು ಜಪ್ತಿ ಮಾಡಾಕ ಮುನ್ಸಿಪಾಲ್ಟಿ ಗಾಡಿ ಬಂದಾಗ ಏನ ಮಾಡ್ತಿ?"

"ಏನ ಮಾಡ್ತೇನಿ, ಗಂಟು ಕಟ್ಟಿ ಊರಿಗೆ ಹೊಂಟಾಕಿ ಹಂಗ ಗ್ವಾಡಿಗೆ ಹತ್ತಿ ಕುಂದರತೇನಿ. ಗಾಡಿ ಹೋತಂದ್ರ ಮತ್ತ ಹಾಸೂದು."

"ಗಾಡಿ ದಿನಾ ಬಂದು ಸಂಜೀತನಕ ನಿಂತ್ರ?"

"ನಮ್ಮ ಆಟ ಮುಗೀತು."

"ಒಬ್ಬಾಂವ ಹವಾಲ್ದಾರ ಸುಮ್ನ ಸುತ್ತು ಹಾಕಿ ಹೋದ್ರ?"

"ಅವನ ಬೂಟಿನ ಸಪ್ಪಳಾನ ಗುರುತು ಹಿಡೀತೇವಿ," ಎಂದವಳು ಅಲ್ಲಿಗೇ ತಡೆದಳು. ಕೈಯಲ್ಲಿದ್ದ ಸಿವುಡನ್ನು ಕೆಳಗಿಟ್ಟಳು. "ಅರ್ಧ ಗುಳಿಗಿ ಅಂದ್ರ ಆ ಹವಾಲ್ದಾರನಾ?"

"ಹೂಂ ಚಾಚಿ. ಅಂಥಾ ಔಷಧಕ್ಕ ಸಾಯದ ಉಳಿದ ಹುಳ ಮೊಂಡ ಆಗತಾವ. ಆಮ್ಯಾಲ ಪೂರಾ ಗುಳಿಗಿ ತಿಂದ್ರೂ ಕೇಳದಂಗ ಆಗಬಹುದು. ಕೆಮ್ಮು ನಿಂತ್ರೂ ಒಳಗ ಮಲಗಿದ್ದು ಇರ್ತಾವ. ಅದಕ್ಕಂತ ಒಂದೂವರೆ ವರ್ಷ ತಿನ್ನೂದು."

ಐದು ತಿಂಗಳು ಚಂಪಾಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಸುಂದ್ರವ್ವ ನಂಬಿದ್ದಳು. ಈಗ ಅವಳ ಮುಖ ನೋಡಲಾಗಲಿಲ್ಲ.

ಚಂಪಾ ಹಂಚಿನ ಮೇಲಿನ ರೊಟ್ಟಿಯನ್ನೇ ನೋಡುತ್ತ ಹೇಳಿದಳು: "ದವಾಖಾನಿ ಕಾರ್ಡಿನ್ಯಾಗ ಹೆಸರು ಬರಸಿದ್ರ ನನ್ನ ತವರಿಗೆ ಅಟ್ಟತೀರಿ."

ಉತ್ತರ ಕೊಡಬೇಕಾದವಳು ಇಂದ್ರಾಬಾಯಿ ಎಂದು ಎಲ್ಲರಿಗೂ ಗೊತ್ತಿತ್ತು.

"ಅಟ್ಟಿದ್ರ ರೊಟ್ಟಿ ಯಾರು ಬಡೀತಾರ, ನಾನಾ?" ಎಂದಳು ಇಂದ್ರಾಬಾಯಿ. ಆಮೇಲೆ ದನಿ ತಗ್ಗಿಸಿ, "ನಾಳೆ ವ್ಯಾಪಾರ ಬ್ಯಾಡ. ನಾನೂ ಬರ್ತೇನಿ. ನಿನ್ನ ಹೆಸರು ನಾನಾ ಹೇಳಿ ಬರಸ್ತೇನಿ," ಎಂದಳು.

ಮರುದಿನ ಚಂಪಾಳ ಕಫ ಪರೀಕ್ಷೆಗೆ ಕೊಟ್ಟರು. ಟಿಬಿ ಎಂದು ಗೊತ್ತಾದ ಮೇಲೆ ಅವಳ ಹೆಸರಿನದೇ ಕಾರ್ಡು, ಅವಳದೇ ಗುಳಿಗೆ. ಸುಂದ್ರವ್ವನ ಔಷಧ ಬದಲಾಯಿತು, ಸೂಜಿಯೂ ಶುರುವಾಯಿತು. ಇಷ್ಟು ದಿನದ್ದು ಲೆಕ್ಕಕ್ಕಿಲ್ಲ, ಮತ್ತೆ ಮೊದಲ ದಿನದಿಂದ ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು. ಹೊರಗಿನ ಬೆಂಚಿನ ಮೇಲೆ ಚಂಪಾ ಅತ್ತೆಯ ಪಕ್ಕದಲ್ಲಿ ಕುಳಿತಿದ್ದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಔಷಧ ನಿಮ್ಮ ಮೈಯ ಅಳತೆಯದು. ಅದನ್ನು ಪ್ರೀತಿಯಿಂದಲೂ ಪಾಲು ಮಾಡಬೇಡಿ. ಆರಾಮಾಯಿತೆಂದು ನಡುವೆ ಬಿಡಬೇಡಿ. ಡಾಕ್ಟರು ಸಾಕೆನ್ನುವವರೆಗೆ ತಿನ್ನಿ. ವಾರಗಟ್ಟಲೆ ಕೆಮ್ಮು ನಿಲ್ಲದವರ ಕಫ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಒಬ್ಬಳು ಹೆದರಿ ಸುಮ್ಮನಿದ್ದರೆ, ಹೋಗು ಎಂದು ಹೇಳಿ ಕಳಿಸಬೇಡಿ. ಅವಳ ಜೊತೆಗೆ ನೀವೂ ಹೋಗಿ.