ಬೀಳದ ಸ್ವಿಚ್ಚು

ಕರೆಂಟಿನ ಭಟ್ಟಿಯ ಕೋಣೆಗೆ ನಾವು ಬರಿಗಾಲಲ್ಲೇ ಹೋಗಬೇಕು. ಚಪ್ಪಲಿಗಂಟಿದ ಮರಳು ಹಾರಿ ಹಸಿ ಲೇಪದ ಮೇಲೆ ಕೂತರೆ ಪಿಂಗಾಣಿ ಬಟ್ಟಲು ಕೆಟ್ಟಿತು ಎಂದು ಯಜಮಾನರ ಕಟ್ಟಪ್ಪಣೆ. ಧೂಳೇಳಬಾರದೆಂದು ನೆಲಕ್ಕೆ ನೀರು ಚಿಮುಕಿಸುತ್ತಲೇ ಇರಬೇಕು. ಮೇಲೆ ಮುಖ ಬೇಯುತ್ತದೆ, ಕೆಳಗೆ ಒಡೆದ ಹಿಮ್ಮಡಿ ನೀರಲ್ಲಿ ನೆನೆದು ಚುರುಗುಟ್ಟುತ್ತದೆ. ಭಟ್ಟಿ ಉರಿಯುವಾಗ ಬಾಗಿಲ ಹಿಡಿ ಹಿಡಿದು ಬಾಗಿ, ಇಣುಕುಕಿಂಡಿಯಲ್ಲಿ ಒಳಗಿನ ಬಣ್ಣ ನೋಡಿ ಹೇಳುವುದು ನನ್ನ ಮತ್ತು ಪಟಾಕಿಯ ಕೆಲಸ. ಪಟಾಕಿ ಎಂಬುದು ಅವಳ ಬಾಯಿಗೆ ನಾವಿಟ್ಟ ಹೆಸರು.

ಆ ವಾರ ಭಟ್ಟಿ ಕಾಯುವ ಮೊದಲೇ ಗೋಡೆಯ ಸ್ವಿಚ್ಚು ತಾನಾಗಿ ಬೀಳತೊಡಗಿತು. ಬಟ್ಟಲುಗಳು ಅರೆಬೆಂದು ಉಳಿದವು. ಯಜಮಾನರು ನನ್ನ ಸೊಸೆಯನ್ನು ಕರೆಸಿದರು. ಕೇರಿಯ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನೆಲ್ಲ ರಿಪೇರಿ ಮಾಡುವವಳು ಅವಳು. ಅತ್ತೆಯ ಮುಲಾಜಿಗೆ ಬಿಟ್ಟಿ ಬರುತ್ತಾಳೆ ಎಂಬ ಲೆಕ್ಕ.

ಸೊಸೆ ಮೇನ್ ಆರಿಸಿ, ಕರೆಂಟು ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಭಟ್ಟಿ ಕಾಯಿಸುವ ಕಾಯಿಲ್ ತುದಿಗೂ ಇನ್ನೊಂದನ್ನು ಭಟ್ಟಿಯ ಕಬ್ಬಿಣದ ಮೈಗೂ ಇಟ್ಟಳು. ಮೀಟರು ಕುಂಯ್ ಎಂದಿತು.

"ಇದು ಕೂಗಬಾರದಿತ್ತು ಯಜಮಾನ್ರೇ. ಒಳಗೆ ಇಟ್ಟಿಗೆ ಒಡೆದು ಕಾಯಿಲ್ ಮೈಗೆ ತಾಗಿದೆ. ಕರೆಂಟು ಸೋರ್ತಿರೋದಕ್ಕೇ ಸ್ವಿಚ್ಚು ಬೀಳೋದು. ಅದು ಕೆಟ್ಟಿಲ್ಲ, ಕಾವಲು ಕಾಯ್ತಿದೆ."

"ಬೀಳದ ಹಾಗೆ ಮಾಡು."

"ಇಟ್ಟಿಗೆ, ಕಾಯಿಲ್ ಎರಡೂ ಬದಲಾಯಿಸ್ಬೇಕು. ಅಲ್ಲೀತನಕ ಭಟ್ಟಿ ಹಚ್ಚಬೇಡಿ."

"ನಾಯಿ ಬೊಗಳುತ್ತೆ ಅಂತ ಯಾರಾದ್ರೂ ಮನೆ ಬದಲಾಯಿಸ್ತಾರೇನಮ್ಮಾ?"

"ನಾಯಿ ಬಾಯಿ ಕಟ್ಟಿದ್ರೆ ಕಳ್ಳ ಓಡಿಹೋಗ್ತಾನಾ?" ಎಂದು ಸೊಸೆ ತಂತಿ ಸುತ್ತಿಕೊಂಡು ಹೊರಟಳು.

ಮರುದಿನ ಸ್ವಿಚ್ಚು ಬೀಳಲಿಲ್ಲ. ಕೆಲಸ ನಿಲ್ಲಲಿಲ್ಲವೆಂದು ನಮಗೂ ಖುಷಿಯೇ. ಕಿಂಡಿ ನೋಡಲು ಹೋದ ಪಟಾಕಿ ಹಿಡಿ ಮುಟ್ಟಿದವಳೇ ಕೈ ಕೊಡವಿದಳು.

"ಅಯ್ಯೋ ಅಕ್ಕ, ಈ ಭಟ್ಟಿ ನನ್ನ ಮೈದುನನ ಥರ ಚಿವುಟುತ್ತಲ್ಲೇ!"

ಎಲ್ಲರೂ ನಕ್ಕೆವು. ಅವಳೂ ನಗುತ್ತಲೇ ಒದ್ದೆ ಸೆರಗನ್ನು ಕೈಗೆ ಸುತ್ತಿಕೊಂಡು ಮತ್ತೆ ಹಿಡಿದಳು. ಬಿಸಿಗೆ ನಾವೆಲ್ಲ ಮಾಡುವುದೇ ಹಾಗೆ. ಈ ಸಲ ಭಟ್ಟಿ ಚಿವುಟಲಿಲ್ಲ, ಹಿಡಿದುಕೊಂಡಿತು. ಮೈಯೆಲ್ಲ ಸೆಟೆಯಿತು. ಕಾಲು ಕುಸಿದ ಭಾರಕ್ಕೆ ಕೈ ಬಿಡಿಸಿಕೊಂಡು ನೆಲಕ್ಕೆ ಬಿದ್ದಳು. ಕಣ್ಣು ತೆರೆದೇ ಇತ್ತು. ಆ ಬಾಯಿ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಯಜಮಾನರು ಬೂಟುಗಾಲಲ್ಲೇ ಬಂದು ನೋಡಿದರು. "ಹೊಟ್ಟೆಗೇನೂ ತಿಂದಿರಲ್ಲ, ತಲೆ ಸುತ್ತಿದೆ. ಗಾಳಿ ಬಿಡಿ." ನನ್ನತ್ತ ತಿರುಗಿದರು. "ಅಜ್ಜಿ, ನೀನು ಕಿಂಡಿ ನೋಡು, ಬಟ್ಟಲು ಕರಗಿಹೋದಾವು."

ಪಟಾಕಿಯನ್ನು ಒಣನೆಲದ ಮೂಲೆಗೆ ಎಳೆದು ಮಲಗಿಸಿ, ಗೋಡೆ ನೋಡಿದೆ. ಸ್ವಿಚ್ಚಿದ್ದ ಜಾಗದಲ್ಲಿ ದಪ್ಪ ತಂತಿಯ ತುಂಡೊಂದನ್ನು ಬೆಸೆದಿದ್ದರು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹಸಿರು ಅರ್ತ್ ತಂತಿ ಹಲ್ಲಿಯ ಬಾಲದ ಹಾಗೆ ತುಂಡಾಗಿ ನೇತಾಡುತ್ತಿತ್ತು. ಸೊಸೆಗೆ ಹೇಳಿಕಳಿಸಿದೆ.

ಅವಳು ಓಡಿಬಂದು ಕಪ್ಪು ಕಡ್ಡಿಯನ್ನು ನಲ್ಲಿಯ ಪೈಪಿಗೂ ಕೆಂಪು ಕಡ್ಡಿಯನ್ನು ಬಾಗಿಲ ಹಿಡಿಗೂ ಇಟ್ಟಳು. "ಓದಿ ಅತ್ತೆ, ಎಲ್ಲರಿಗೂ ಕೇಳೋ ಹಾಗೆ."

ತಲೆ ನೆರೆತ ಮೇಲೆ ರಾತ್ರಿಶಾಲೆಯಲ್ಲಿ ಕಲಿತ ಅಂಕಿ. ನಿಧಾನಕ್ಕೆ ಓದಿದೆ. "ಇನ್ನೂರ ಹನ್ನೊಂದು."

"ಮನೆಯ ಪ್ಲಗ್ಗಿಗೆ ಬೆರಳಿಟ್ಟ ಹಾಗೇ ಇದು," ಎಂದಳು ಸೊಸೆ. ನಾವೆಲ್ಲ ಮೇನ್ ಕಡೆ ನೋಡಿದೆವು.

"ಆ ಡಬ್ಬಿ ಸುಳ್ಳು ಹೇಳುತ್ತೆ! ಮೇನ್ ಮುಟ್ಟಿದವರಿಗೆ ನಾಳೆಯಿಂದ ಕೆಲಸ ಇಲ್ಲ," ಎಂದರು ಯಜಮಾನರು.

ನಾನು ಹೊಸಿಲಾಚೆ ಹೋಗಿ ಚಪ್ಪಲಿ ಮೆಟ್ಟಿ ಒಳಗೆ ಬಂದೆ. ಒದ್ದೆ ನೆಲದ ಮೇಲೆ ಮರಳಿನ ಹೆಜ್ಜೆ ಮೂಡಿತು.

"ಡಬ್ಬಿ ಸುಳ್ಳಾದ್ರೆ ಬೂಟು ಬಿಚ್ಚಿ ಬನ್ನಿ ಯಜಮಾನ್ರೇ. ಈ ನೀರಲ್ಲಿ ನಿಂತು ಹಿಡಿ ಹಿಡೀರಿ. ಆಮೇಲೆ ನಾವೂ ಹಿಡೀತೀವಿ."

ಒಬ್ಬೊಬ್ಬರೇ ಹೋಗಿ ಚಪ್ಪಲಿ ಮೆಟ್ಟಿ ಬಂದು ನನ್ನ ಪಕ್ಕ ನಿಂತರು. ಭಟ್ಟಿ ಗುಂಯ್‌ಗುಡುತ್ತಿತ್ತು. ಕಿಂಡಿಯ ಬಣ್ಣ ಕೆಂಪು ದಾಟಿ ಬಿಳುಪಿಗೆ ತಿರುಗಿತು. ಯಾರೂ ಬಾಗಿ ನೋಡಲಿಲ್ಲ. ಯಜಮಾನರು ತಮ್ಮ ದಪ್ಪ ರಬ್ಬರ್ ಅಡಿಯ ಬೂಟನ್ನೇ ನೋಡುತ್ತ ನಿಂತಿದ್ದರು.

ಮೂಲೆಯಲ್ಲಿ ಮಲಗಿದ್ದ ಪಟಾಕಿಯ ದನಿ ಸಣ್ಣಗೆ ಕೇಳಿತು.

"ಅಕ್ಕ... ಬೂಟಿನ ಲೇಸು ಬಿಗಿಯಾಗಿದ್ರೆ ನಾನೇ ಬಿಚ್ಕೊಡ್ತೀನಿ ಅನ್ನು."

ಯಾರೂ ನಗಲಿಲ್ಲ.