ಕೆಂಪಿಯ ಎರಡನೇ ಮನೆ

ಅತ್ತೆ ಊರಿನಿಂದ ತಮ್ಮ ಮಗನ ಮನೆಗೆ ಬಂದಿಳಿದಾಗ ಅವರ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಮುಚ್ಚಳ ಕಟ್ಟಿದ ದೊಡ್ಡ ಬುಟ್ಟಿ. ಬುಟ್ಟಿಯೊಳಗೆ ಯಾರೋ ಒಂದೇ ಸಮನೆ ಗೊಣಗುತ್ತಿದ್ದರು.

"ಅಮ್ಮಾ, ಯಾರನ್ನ ಕರ್ಕೊಂಡ್ ಬಂದೆ?" ಎಂದು ಕೇಳಿದ ಮಗ. ಅವನು ಬಸ್ ಡ್ರೈವರ್. ಎರಡು ಟಿಕೆಟ್ಟಿನ ಲಗೇಜು ಯಾವುದು ಎಂದು ನೋಡಿದರೇ ಹೇಳಬಲ್ಲವನು.

"ನಮ್ಮವರೇ ಕಣೋ. ಬಿಟ್ಟು ಬರಕ್ಕಾಗತ್ತಾ?" ಎಂದು ಅತ್ತೆ ಮುಚ್ಚಳ ಬಿಚ್ಚಿದರು. ಮೂರು ಕೋಳಿಗಳು ಒಂದೊಂದಾಗಿ ಹೊರಗೆ ಕಾಲಿಟ್ಟವು.

ಸೊಸೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಅತ್ತೆ ಬರುತ್ತಾರೆಂದು ವಾರವಿಡೀ ಮನೆ ಒಪ್ಪ ಮಾಡಿದ್ದಳು, ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡಿದ್ದಳು. ಅತ್ತೆಯೋ ಅವಳ ಜೊತೆ "ಆಯ್ತಮ್ಮ", "ಸಾಕಮ್ಮ", "ಇರ್ಲಮ್ಮ" ಇಷ್ಟರಲ್ಲೇ ದಿನ ಕಳೆದುಬಿಡುತ್ತಿದ್ದರು. ಬಾಯಿ ಬಿಚ್ಚುತ್ತಿದ್ದದ್ದು ಹಿತ್ತಲಲ್ಲಿ, ಕೋಳಿಗಳ ಮುಂದೆ ಮಾತ್ರ. ಅಲ್ಲಿ ನಿಂತರೆ ಮೊಣಕಾಲು ನೋವಿನಿಂದ ಹಿಡಿದು ಸತ್ತ ಗಂಡನ ಮುಂಗೋಪದವರೆಗೆ ಎಲ್ಲವೂ ಬರುತ್ತಿತ್ತು. ಕಿಟಕಿಯ ಈಚೆ ಕೂತ ಸೊಸೆಗೆ ಒಳಗೊಳಗೇ ಹೊಟ್ಟೆಕಿಚ್ಚು. ಕೋಳಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ನಾಚಿಕೆ ಬೇರೆ.

ಕರಿ ಕೋಳಿಗೆ ಅತ್ತೆ ಇಟ್ಟ ಹೆಸರು ದೊಡ್ಡಮ್ಮ. ಅದು ಮೊದಲು ತಿನ್ನಬೇಕು, ಮೊದಲು ಕುಡಿಯಬೇಕು, ಮೊಟ್ಟೆ ಇಡಲು ಇದ್ದ ಒಂದೇ ಪೆಟ್ಟಿಗೆಯಲ್ಲಿ ಮೊದಲು ಕೂರಬೇಕು, ಕೂತರೆ ಏಳಬಾರದು. ಬಿಳಿಯದು ಗೊಣಗಿ, ಬಿಸಿಲಾದರೂ ಅದಕ್ಕೆ ದೂರು, ನೆರಳಾದರೂ ದೂರು. ಕೆಂಪಿ ಮಾತ್ರ ತಾನಾಯಿತು ತನ್ನ ಪಾಡಾಯಿತು ಎಂಬಂತಿತ್ತು.

"ಅದಕ್ಕೆ ಇರೋ ಬುದ್ಧಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ" ಎಂದು ಅತ್ತೆ ಊಟಕ್ಕೆ ಕೂತಾಗ ಒಮ್ಮೆ ಹೇಳಿದ್ದರು. ಮಗ ನಕ್ಕ. ಸೊಸೆಯೂ ನಕ್ಕಳು. ಅತ್ತೆ ಮುಖ ಗಂಟು ಹಾಕಿಕೊಂಡು ತಟ್ಟೆ ಎತ್ತಿಕೊಂಡು ಹೋದರು.

ಪಕ್ಕದ ಮನೆಯ ಬಡಗಿಯಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಬಂದ ಹೊಸದರಲ್ಲೇ ಮೂರು ಕೋಳಿಗಳೂ ಬೇಲಿ ಹಾರಿ ಹೋಗಿ ಅವನ ಹೂವಿನ ಪಾತಿಯನ್ನು ಕೆದರಿ ಹಾಕಿದ್ದವು. ಅವನು ಕೂಡಲೇ ಹಲಗೆ ಹೊಡೆದು ಬೇಲಿಯನ್ನು ಎದೆಯೆತ್ತರಕ್ಕೆ ಏರಿಸಿದ. "ತಲೆ ಅನ್ನೋದು ಇವಕ್ಕೆ ಜುಟ್ಟು ಅಂಟಿಸ್ಕೊಳಕ್ಕೆ ಇರೋದು ಅಷ್ಟೇ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತುಹೋಗಿತ್ತು.

ಸ್ವಲ್ಪ ದಿನಕ್ಕೆ ಕೆಂಪಿ ಮೊಟ್ಟೆ ಇಡುವುದನ್ನೇ ಬಿಟ್ಟಿತು. ಅತ್ತೆ ಅದರ ಕಣ್ಣು ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು. ಕೆಂಪಿ ಗುಂಡುಗುಂಡಗೆ ಚೆನ್ನಾಗಿಯೇ ಇತ್ತು.

"ಏನೋ ಮನಸ್ಸಿಗೆ ಹಚ್ಕೊಂಡಿದೆ" ಎಂದರು ಅತ್ತೆ. ಅವರ ಮುಖ ಬಾಡಿದ್ದನ್ನು ನೋಡಿ ಸೊಸೆಗೆ ಈ ಸಲ ನಗು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತು ಒಂದು ಪರದೆಗೆ ಅಂಚು ಹೊಲಿಯುತ್ತಿದ್ದಳು. ಅಷ್ಟರಲ್ಲಿ ಕೆಂಪಿ ಹಿತ್ತಲ ಆ ತುದಿಗೆ ಹೋಗಿ ನೆಲ ಕುಕ್ಕುತ್ತಾ "ಕುಟು ಕುಟು ಕುಟು" ಎಂದು ಕರೆಯತೊಡಗಿತು. ತಿನ್ನಲು ಏನಾದರೂ ಒಳ್ಳೆಯದು ಸಿಕ್ಕಾಗ ಕೂಗುವ ಕೂಗು ಅದು. ದೊಡ್ಡಮ್ಮ ರೆಕ್ಕೆ ಬಿಚ್ಚಿಕೊಂಡು ಓಡಿತು, ಹಿಂದೆ ಗೊಣಗಿ. ಅವೆರಡೂ ಅಲ್ಲಿ ತಲೆ ತಗ್ಗಿಸಿ ಹುಡುಕುತ್ತಿದ್ದಂತೆ ಕೆಂಪಿ ಮೆಲ್ಲಗೆ ಹಿಂದೆ ಸರಿದು, ಹಿತ್ತಲ ಗೇಟಿನ ಕೆಳಗೆ ನುಸುಳಿ ಮಾಯವಾಯಿತು. ಸೊಸೆ ಎದ್ದು ಹೋಗಿ ನೋಡಿದಳು. ನೆಲದಲ್ಲಿ ಒಂದು ಕಾಳೂ ಇರಲಿಲ್ಲ.

"ಎಲಾ ಇವಳಾ!" ಎಂದು ಪರದೆಯನ್ನು ಅಲ್ಲೇ ಬಿಸಾಕಿ ಸೊಸೆ ಹಿಂದೆಯೇ ಹೊರಟಳು.

ಕೆಂಪಿ ಗೋಡೆಯ ಪಕ್ಕದಲ್ಲೇ ನಡೆದು ಓಣಿ ದಾಟಿತು. ರಸ್ತೆಯ ಅಂಚಿಗೆ ಬಂದಾಗ ಹಾಲಿನ ವ್ಯಾನ್ ಬರುತ್ತಿತ್ತು; ಒಂದು ಕಾಲು ಎತ್ತಿಕೊಂಡು ನಿಂತು ಅದು ಹೋಗಲು ಬಿಟ್ಟಿತು. ಆಮೇಲೆ ತಿರುವು ಹಾಕಿಕೊಂಡು ಬೇಲಿಯ ಆಚೆ ಬದಿಗೆ ಬಂದು, ಬಡಗಿಯ ಕೆಲಸದ ಶೆಡ್ಡಿನ ಮುಂದೆ ಹೋಗಿ ತಗಡಿನ ಬಾಗಿಲನ್ನು ಟಣ್ ಟಣ್ ಎಂದು ಕುಕ್ಕಿತು. ಒಳಗೆ ಮರ ಕೊಯ್ಯುವ ಯಂತ್ರದ ಸದ್ದು ನಿಂತಿತು. ಬಾಗಿಲು ತೆರೆಯಿತು.

"ಬಂದ್ಯಾ ತಾಯಿ? ಇವತ್ತು ಯಾಕೆ ಲೇಟು? ಆ ಕರಿ ಬಜಾರಿ ಬಿಡ್ಲಿಲ್ವಾ?" ಅದು ಬಡಗಿಯ ದನಿಯೇ. ಆದರೆ ಇಷ್ಟು ಮೆದುವಾಗಿ ಅವನು ಮಾತಾಡಿದ್ದನ್ನು ಸೊಸೆ ಎಂದೂ ಕೇಳಿರಲಿಲ್ಲ.

ಬಾಗಿಲ ಸಂದಿಯಿಂದ ಅವಳು ಇಣುಕಿದಳು. ಮೇಜಿನ ಕೆಳಗೆ ಮರದ ಹೊಟ್ಟು ತುಂಬಿದ ಪೆಟ್ಟಿಗೆ. ಕೆಂಪಿ ಅದರಲ್ಲಿ ಎರಡು ಸುತ್ತು ತಿರುಗಿ ಕೂತಿತು. ಬಡಗಿ ಮುಂದಿದ್ದ ಡ್ರಾಯರನ್ನು ಎಳೆಯುತ್ತಾ ನೂಕುತ್ತಾ, "ನೋಡು, ಇದೊಂದು ಸರಿಯಾಗಿ ಮುಚ್ಚಲ್ಲ ಅಂತ ಮೊಂಡು ಹಿಡ್ದಿದೆ. ಎಡಗಡೆ ಉಜ್ಜಲಾ?" ಎಂದು ಕೇಳಿದ. ಕೆಂಪಿ "ಕ್ರ್" ಎಂದಿತು. "ನಾನೂ ಅದನ್ನೇ ಅಂದ್ಕೊಂಡೆ" ಎಂದ ಬಡಗಿ.

ಸೊಸೆಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿದರೂ ಕಿಸಕ್ಕೆಂದಿತು. ಬಡಗಿ ತಿರುಗಿ ನೋಡಿದ. ಕಿವಿಯ ತುದಿಯವರೆಗೆ ಕೆಂಪಾದ.

"ಅದೇ ಬಂದಿದ್ದು. ನಾನೇನೂ ಕರ್ದಿಲ್ಲಮ್ಮ" ಎಂದ.

"ಮೊಟ್ಟೆಗಳು?"

ಬಡಗಿ ಡ್ರಾಯರಿನ ಎಡಗಡೆ ಉಜ್ಜತೊಡಗಿದ. "ತಿಂದೆ. ಚೆನ್ನಾಗಿದ್ವು."

ಅಷ್ಟರಲ್ಲಿ ಓಣಿಯಲ್ಲಿ "ಕೆಂಪೀ, ಕೆಂಪೀ" ಎನ್ನುತ್ತಾ ಅತ್ತೆ ಮೊಣಕಾಲು ಹಿಡಿದುಕೊಂಡು ಬರುತ್ತಿದ್ದರು. ಇನ್ನು ರಂಪ ಕಟ್ಟಿಟ್ಟ ಬುತ್ತಿ ಎಂದುಕೊಂಡಳು ಸೊಸೆ. ಅತ್ತೆ ಒಳಗೆ ಬಂದರು, ಪೆಟ್ಟಿಗೆ ನೋಡಿದರು, ಬಡಗಿಯನ್ನು ನೋಡಿದರು.

"ತಲೆ ಇಲ್ಲದ ಕೋಳಿ ಜೊತೆ ನಿಮಗೇನು ಕೆಲಸ?" ಎಂದರು.

"ಯಾರು ಹೇಳಿದ್ದು ತಲೆ ಇಲ್ಲ ಅಂತ?" ಬಡಗಿಗೆ ರೋಷ ಬಂದುಬಿಟ್ಟಿತು. "ಅಮ್ಮಾ, ಮೊನ್ನೆ ಧೂಳು ಅಂತ ನಾನು ಮುಖಕ್ಕೆ ಬಟ್ಟೆ ಕಟ್ಕೊಂಡಿದ್ದೆ. ಬಾಗಿಲಲ್ಲೇ ನಿಂತ್ಬಿಡ್ತು. ಬಟ್ಟೆ ಬಿಚ್ಚಿದ್ ಮೇಲೇ ಒಳಗೆ ಬಂದಿದ್ದು! ನನ್ನ ಭಾವಮೈದ ಬಾಗಿಲು ತೆಗೆದ ದಿನ ಅವನ ಮುಖ ನೋಡಿ ಸೀದಾ ವಾಪಸ್ ಹೋಯ್ತು. ಮನುಷ್ಯರನ್ನ ಅಳೆಯೋದು ಅದಕ್ಕೆ ಗೊತ್ತು!"

ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ನಾನು ಇದನ್ನೇ ಹೇಳಿದ್ರೆ ಎಲ್ಲರೂ ಹಲ್ಲು ಕಿರಿದ್ರಿ."

"ನಾನೂ ನಕ್ಕಿದ್ದೆ ಅತ್ತೆ, ತಪ್ಪಾಯ್ತು" ಎಂದಳು ಸೊಸೆ. ಆಮೇಲೆ ಹಿತ್ತಲಲ್ಲಿ ಕಂಡದ್ದನ್ನೆಲ್ಲ ಹೇಳಿದಳು: ಇಲ್ಲದ ಕಾಳಿಗೆ ಕರೆದದ್ದು, ದೊಡ್ಡಮ್ಮ ಮೋಸ ಹೋದದ್ದು, ವ್ಯಾನಿಗೆ ದಾರಿ ಬಿಟ್ಟದ್ದು. ದೊಡ್ಡಮ್ಮ ಓಡಿದ ಠೀವಿಯನ್ನು ಸೆರಗು ಎತ್ತಿ ಮಾಡಿ ತೋರಿಸಿದಳು. ಅತ್ತೆ ನಕ್ಕರು, ನಗುತ್ತಾ ನಗುತ್ತಾ ಅಲ್ಲಿದ್ದ ಅರ್ಧ ಮುಗಿದ ಕುರ್ಚಿಯ ಮೇಲೆ ಕೂತರು.

"ಕೂರ್ಬೇಡಿ, ಅಂಟು ಒಣಗಿಲ್ಲ!" ಎಂದ ಬಡಗಿ. ಆದರೆ ತಡವಾಗಿತ್ತು. ಕುರ್ಚಿ ಬಿಡಿಸಲು ಇಬ್ಬರೂ ಸೇರಬೇಕಾಯಿತು. ಸೀರೆಗಂಟಿದ ಅಂಟು ತೆಗೆಯಲು ಸೊಸೆಗೆ ಸಂಜೆಯವರೆಗೆ ಕೆಲಸವಾಯಿತು. ಆ ಸಂಜೆ ಪೂರ್ತಿ ಅತ್ತೆ ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂತು ಮಾತಾಡಿದರು. ಗಂಡನ ಮುಂಗೋಪದ ಕಥೆಗಳು ಎದುರಿಗೆ ಕೂತು ಕೇಳಿದಾಗ ಇನ್ನೂ ಚೆನ್ನಾಗಿದ್ದವು.

ಬಡಗಿ ತಿಂದ ಮೊಟ್ಟೆಗಳಿಗೆ ಪ್ರತಿಯಾಗಿ ಮೂರು ಗೂಡಿನ ಹೊಸ ಪೆಟ್ಟಿಗೆ ಮಾಡಿ ತಂದುಕೊಟ್ಟ. ದೊಡ್ಡಮ್ಮ ಮೂರರಲ್ಲೂ ಕೂತು ನೋಡಿ ನಡುವಿನದನ್ನು ಹಿಡಿದುಕೊಂಡಿತು. ಕೆಂಪಿ ತನ್ನ ಗೂಡಿಗೆ ತಲೆ ಹಾಕಿ, ಹುಲ್ಲು ಸರಿಸಿ, ಎಲ್ಲವನ್ನೂ ಮರ್ಯಾದೆಯಿಂದ ನೋಡಿತು. ಆಮೇಲೆ ಗೇಟಿನ ಕಡೆ ಹೊರಟಿತು.

"ಹೋಗ್ಲಿ ಬಿಡೇ" ಎಂದರು ಅತ್ತೆ. "ಅಲ್ಲಿ ಅದರ ಮಾತು ಕೇಳೋರಿದ್ದಾರೆ."

'ಬಿಡಮ್ಮ' ಅನ್ನದೆ 'ಬಿಡೇ' ಎಂದು ಅತ್ತೆ ಸಲುಗೆಯಿಂದ ಅಂದದ್ದು ಅದೇ ಮೊದಲು. ಸೊಸೆ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ ನಕ್ಕಳು.

ಮುಂದಿನ ವಾರ ಒಂದು ಬೆಳಿಗ್ಗೆ ಶೆಡ್ಡಿನ ಕಡೆಯಿಂದ ಟಣ್ ಟಣ್ ಸದ್ದು ಎಂದಿಗಿಂತ ಹೆಚ್ಚು ಹೊತ್ತು ಕೇಳಿಸಿತು. ಹಿಂದೆಯೇ ಬಡಗಿಯ ಕೂಗು: "ಅಮ್ಮಾವ್ರೇ, ಇವಳು ಆ ಗೊಣಗಿಗೂ ದಾರಿ ಹೇಳ್ಕೊಟ್ಟಿದಾಳೆ! ಬಂದಾಗಿಂದ ನನ್ನ ಕೆಲಸದಲ್ಲಿ ತಪ್ಪು ಹುಡುಕ್ತಿದೆ. ನಾನೇನ್ ಮಾಡ್ಲಿ?"

"ಅದು ಹೇಳಿದ್ದು ಕೇಳಿ!" ಎಂದು ಅತ್ತೆ, ಸೊಸೆ ಇಬ್ಬರೂ ಒಟ್ಟಿಗೇ ಕೂಗಿದರು.